ಅರಬ್ಬಿ ಸಮುದ್ರದ ತೂಫಾನು ಬುಲೆಟಿನ್‌ಗಳು: ಒಂದೇ ಗಾಳಿಗೆ ಮೂರು ಲೆಕ್ಕ ಯಾಕೆ, ಯಾವುದನ್ನು ಹೇಗೆ ಓದಬೇಕು?

ಪಡುಗಡಲು
ಮಳೆಗಾಲ ಹಿಂದೆ ಸರಿಯುವ ಹೊತ್ತಿಗೆ ಬಂದರಿನ ವಾಟ್ಸಾಪ್ ಗುಂಪುಗಳಲ್ಲಿ ನಕ್ಷೆಗಳ ಸುರಿಮಳೆ. ಒಬ್ಬರು ಅಮೆರಿಕದ ಜೆಟಿಡಬ್ಲ್ಯುಸಿ ಚಿತ್ರ ಹಾಕುತ್ತಾರೆ, ಇನ್ನೊಬ್ಬರು ಹವಾಮಾನ ಆ್ಯಪ್ ವಿಂಡಿಯ ಸ್ಕ್ರೀನ್‌ಶಾಟ್, ಮತ್ತೊಬ್ಬರು ನಮ್ಮ ಐಎಂಡಿ (ಭಾರತೀಯ ಹವಾಮಾನ ಇಲಾಖೆ) ಬುಲೆಟಿನ್. ಒಂದರಲ್ಲಿ ಗಾಳಿ 65 ನಾಟ್ (ಒಂದು ನಾಟ್ ಅಂದರೆ ಗಂಟೆಗೆ ಒಂದು ನಾಟಿಕಲ್ ಮೈಲು, ಸುಮಾರು 1.85 ಕಿ.ಮೀ.), ಇನ್ನೊಂದರಲ್ಲಿ 55. ತೂಫಾನು ಹುಟ್ಟುವ ಸಾಧ್ಯತೆ ಒಂದರಲ್ಲಿ ‘ಹೈ’, ಇನ್ನೊಂದರಲ್ಲಿ ‘ಮಾಡರೇಟ್’. ಕೊನೆಗೆ ‘ಯಾರಿಗೂ ಗೊತ್ತಿಲ್ಲ ಬಿಡಿ’ ಅಂತ ಬೋಟು ಹೊರಟೇ ಬಿಡುತ್ತದೆ. ಇಲ್ಲಿ ಹಡಗಿನವರೂ ಇದ್ದೀರಿ, ಹವಾಮಾನ ಓದಿಕೊಂಡವರೂ ಇದ್ದೀರಿ. ಈ ಅಂಕಿಗಳು ಬೇರೆ ಬೇರೆ ಯಾಕೆ, ಮಲ್ಪೆ, ಗಂಗೊಳ್ಳಿ, ಕಾರವಾರದ ಬೋಟಿಗೆ ಇವುಗಳಲ್ಲಿ ಯಾವುದು ಬೇಕು, ಸ್ವಲ್ಪ ಬಿಡಿಸಿ ಬರೆಯಿರಿ.

ಮೂರನೇ_ಮೇಟ್
ಮೊದಲು ಯಾರು ಯಾವ ಸಮುದ್ರಕ್ಕೆ ಅಧಿಕೃತ ಅನ್ನುವುದು. ವಿಶ್ವ ಹವಾಮಾನ ಸಂಸ್ಥೆ ಕಡಲುಗಳನ್ನು ಹಂಚಿಕೊಟ್ಟಿದೆ. ಅಟ್ಲಾಂಟಿಕ್ ಮತ್ತು ಪೂರ್ವ ಪೆಸಿಫಿಕ್ ಮಯಾಮಿಯ ಎನ್‌ಎಚ್‌ಸಿಗೆ (ಅಮೆರಿಕದ ಹರಿಕೇನ್ ಕೇಂದ್ರ), ಮಧ್ಯ ಪೆಸಿಫಿಕ್ ಹೊನಲುಲುಗೆ, ವಾಯವ್ಯ ಪೆಸಿಫಿಕ್ ಟೋಕಿಯೊಗೆ, ಅರಬ್ಬಿ ಸಮುದ್ರ ಮತ್ತು ಬಂಗಾಳ ಕೊಲ್ಲಿ ದೆಹಲಿಯ ಐಎಂಡಿಗೆ, ನೈಋತ್ಯ ಹಿಂದೂ ಮಹಾಸಾಗರ ಲಾ ರಿಯೂನಿಯನ್‌ಗೆ, ದಕ್ಷಿಣ ಪೆಸಿಫಿಕ್‌ನ ಒಂದು ಭಾಗ ಫಿಜಿಯ ನಾಡಿಗೆ. ಆಸ್ಟ್ರೇಲಿಯಾದ ಸುತ್ತ ಅವರ ಬ್ಯೂರೋ ನೋಡಿಕೊಳ್ಳುತ್ತದೆ. ಜೆಟಿಡಬ್ಲ್ಯುಸಿ ಈ ಪಟ್ಟಿಯಲ್ಲೇ ಇಲ್ಲ. ಅದು ಪರ್ಲ್ ಹಾರ್ಬರ್‌ನಲ್ಲಿರುವ ಅಮೆರಿಕದ ಸೇನಾ ಕೇಂದ್ರ, ತಮ್ಮ ಹಡಗು ವಿಮಾನಗಳಿಗಾಗಿ ಬುಲೆಟಿನ್ ಮಾಡುತ್ತಾರೆ. ಕೆಲಸ ಚೆನ್ನಾಗಿದೆ, ಆದರೆ ನಮ್ಮ ಬಂದರಿಗೆ ಅಧಿಕೃತ ಅಲ್ಲ.

ಈಗ 65 ಮತ್ತು 55ರ ಜಗಳ. ಗಾಳಿ ಒಂದೇ ವೇಗದಲ್ಲಿ ಬೀಸುವುದಿಲ್ಲ, ಏರಿಳಿಯುತ್ತದೆ. ಹಾಗಾಗಿ ಸರಾಸರಿ ತೆಗೆಯಬೇಕು. ಎಷ್ಟು ಹೊತ್ತಿನ ಸರಾಸರಿ ಅನ್ನುವುದರಲ್ಲೇ ವ್ಯತ್ಯಾಸ. ಎನ್‌ಎಚ್‌ಸಿ ಮತ್ತು ಜೆಟಿಡಬ್ಲ್ಯುಸಿ 1 ನಿಮಿಷದ್ದು ಕೊಡುತ್ತವೆ. ಐಎಂಡಿ 3 ನಿಮಿಷದ್ದು. ಟೋಕಿಯೊ, ರಿಯೂನಿಯನ್, ಆಸ್ಟ್ರೇಲಿಯಾ, ಫಿಜಿ 10 ನಿಮಿಷದ್ದು. ಅವಧಿ ಹಿಗ್ಗಿದಷ್ಟೂ ಅಂಕಿ ಕುಗ್ಗುತ್ತದೆ. ತೆರೆದ ಕಡಲಿನಲ್ಲಿ 1 ನಿಮಿಷದ ಗಾಳಿಯನ್ನು 0.93ರಿಂದ ಗುಣಿಸಿದರೆ ಸುಮಾರಾಗಿ 10 ನಿಮಿಷದ್ದು ಸಿಗುತ್ತದೆ. ಹಳೆಯ ಪುಸ್ತಕಗಳಲ್ಲಿ 0.88 ಅಂತಿದೆ, ಅದನ್ನು ಬಿಟ್ಟುಬಿಡಿ. ಐಎಂಡಿಯದ್ದು ಇವೆರಡರ ನಡುವೆ ಎಲ್ಲೋ ಬೀಳುತ್ತದೆ. ಅಂದರೆ 65ಕ್ಕೆ 62 ಬಂದರೆ ಸರಾಸರಿಯ ಕಾರಣ. 55 ಬಂದರೆ ಅಷ್ಟೇ ಅಲ್ಲ, ಇಬ್ಬರು ವಿಶ್ಲೇಷಕರು ಒಂದೇ ಮೋಡವನ್ನು ಬೇರೆ ಬೇರೆಯಾಗಿ ಅಂದಾಜು ಮಾಡಿದ್ದಾರೆ ಅಂತಲೇ ಅರ್ಥ.

ಉಪಗ್ರಹನೋಟ
ಅಂದಾಜು ಅನ್ನುವ ಮಾತನ್ನು ಸ್ವಲ್ಪ ಹಿಗ್ಗಿಸುತ್ತೇನೆ. ಅಟ್ಲಾಂಟಿಕ್‌ನಲ್ಲಿ ವಿಮಾನ ತೂಫಾನಿನ ಒಳಗೇ ಹೊಕ್ಕು ಅಳೆಯುತ್ತದೆ. ನಮ್ಮ ಕಡಲಿನಲ್ಲಿ ಆ ವ್ಯವಸ್ಥೆ ರೂಢಿಯಲ್ಲಿಲ್ಲ. ಉಪಗ್ರಹದ ಚಿತ್ರದಲ್ಲಿ ಮೋಡದ ಸುರುಳಿ ಎಷ್ಟು ಬಿಗಿಯಾಗಿದೆ, ಮೋಡದ ತುದಿ ಎಷ್ಟು ತಣ್ಣಗಿದೆ ಅಂತ ನೋಡಿ ಟಿ-ನಂಬರ್ ಕೊಡುತ್ತಾರೆ. ಡ್ವೊರಾಕ್ ವಿಧಾನ ಅಂದರೆ ಇದೇ. ಮೂಲ ಕೋಷ್ಟಕದಲ್ಲಿ ಟಿ 2.5 ಅಂದರೆ 35 ನಾಟ್, ಟಿ 3.0 ಅಂದರೆ 45, ಟಿ 3.5 ಅಂದರೆ 55, ಟಿ 4.0 ಅಂದರೆ 65. ಅರ್ಧ ಟಿಗೆ 10 ನಾಟ್ ಹೋಯಿತು. ನೀವು ಹೇಳಿದ 65 ಮತ್ತು 55ರ ಅಂತರ ಸರಿಯಾಗಿ ಅಷ್ಟೇ. ಇಬ್ಬರು ಪಳಗಿದ ವಿಶ್ಲೇಷಕರ ನಡುವೆ ಅರ್ಧ ಟಿ ವ್ಯತ್ಯಾಸ ಮಾಮೂಲು. ಐಎಂಡಿ ಬುಲೆಟಿನ್‌ನ ಒಳಗೆ ಟಿ-ನಂಬರ್ ಬರೆದೇ ಇರುತ್ತದೆ, ಯಾರೂ ಓದುವುದಿಲ್ಲ ಅಷ್ಟೇ.

ಇದರ ಜೊತೆಗೆ ಸ್ಕ್ಯಾಟರೋಮೀಟರ್ ಇದೆ. ಯುರೋಪಿನ ಆಸ್ಕ್ಯಾಟ್, ನಮ್ಮ ಇಸ್ರೋ 2022ರ ನವೆಂಬರ್‌ನಲ್ಲಿ ಹಾರಿಸಿದ ಓಷನ್‌ಸ್ಯಾಟ್-3. ಸಮುದ್ರದ ಮೇಲ್ಮೈಯ ಸಣ್ಣ ತೆರೆಗಳಿಗೆ ಬಡಿದು ಬರುವ ಸಂಕೇತದಿಂದ ಗಾಳಿಯ ವೇಗ, ದಿಕ್ಕು ಎರಡೂ ಸಿಗುತ್ತವೆ. ಡಿಪ್ರೆಶನ್ (ವಾಯುಭಾರ ಕುಸಿತ, ಚಂಡಮಾರುತಕ್ಕೆ ಮುಂಚಿನದು) ಹಂತದಲ್ಲಿ ನಂಬಬಹುದಾದ ಮಾಹಿತಿ. ಗಾಳಿ ತೀರಾ ಜೋರಾದರೆ, ಮಳೆ ದಟ್ಟವಾದರೆ ಮಾತ್ರ ಅದು ಕೈಕೊಡುತ್ತದೆ.

ಪಡುಗಡಲು
ಒಳ್ಳೆಯದಾಯಿತು. ‘ಕ್ಯಾಟಗರಿ’ ಬಗ್ಗೆಯೂ ಹೇಳಿ. ಟಿವಿಯವರು ಎಲ್ಲದಕ್ಕೂ ಕ್ಯಾಟಗರಿ 3, ಕ್ಯಾಟಗರಿ 4 ಅನ್ನುತ್ತಾರೆ.

ಮೂರನೇ_ಮೇಟ್
ನಮ್ಮ ಕಡಲಿಗೆ ಕ್ಯಾಟಗರಿಯೇ ಇಲ್ಲ. ಐಎಂಡಿ ಲೆಕ್ಕ ಹೀಗೆ: 17ರಿಂದ 27 ನಾಟ್ ಡಿಪ್ರೆಶನ್, 28ರಿಂದ 33 ಡೀಪ್ ಡಿಪ್ರೆಶನ್, 34 ಮುಟ್ಟಿದರೆ ಚಂಡಮಾರುತ ಮತ್ತು ಆಗಲೇ ಹೆಸರು. 48ರಿಂದ ತೀವ್ರ, 64ರಿಂದ ಅತಿ ತೀವ್ರ, 90ರಿಂದ ಅತ್ಯಂತ ತೀವ್ರ, 120 ದಾಟಿದರೆ ಸೂಪರ್ ಸೈಕ್ಲೋನ್. ಅರಬ್ಬಿ ಸಮುದ್ರದಲ್ಲಿ ಆ ಕೊನೆಯ ಮೆಟ್ಟಿಲು ಹತ್ತಿದವು 2007ರ ಗೋನು, 2019ರ ಕ್ಯಾರ್.

ಕ್ಯಾಟಗರಿಯಲ್ಲೂ ಎರಡು ಪದ್ಧತಿ ಇದೆ, ಎಚ್ಚರ. ಅಮೆರಿಕದ ಕ್ಯಾಟಗರಿ 3 ಶುರುವಾಗುವುದು 96 ನಾಟ್‌ಗೆ, 1 ನಿಮಿಷದ ಗಾಳಿಯಲ್ಲಿ. ಆಸ್ಟ್ರೇಲಿಯಾದ ಕ್ಯಾಟಗರಿ 3 ಶುರುವಾಗುವುದು 64 ನಾಟ್‌ಗೆ, 10 ನಿಮಿಷದ ಗಾಳಿಯಲ್ಲಿ. ಅಂದರೆ ಆಸ್ಟ್ರೇಲಿಯಾದ ಪೋರ್ಟ್ ಹೆಡ್‌ಲ್ಯಾಂಡಿನಲ್ಲಿ ‘3’ ಅಂದದ್ದು ಅಮೆರಿಕದ ಲೆಕ್ಕದಲ್ಲಿ ‘1’ ಇರಬಹುದು. ಕಬ್ಬಿಣದ ಅದಿರಿನ ಹಡಗಿಗೆ ಹೊಸದಾಗಿ ಹತ್ತಿದ ಹುಡುಗರು ಮೊದಲು ಮುಗ್ಗರಿಸುವುದೇ ಇಲ್ಲಿ. ರಿಯೂನಿಯನ್‌ನಲ್ಲಿ ಸಂಖ್ಯೆ ಇಲ್ಲ, ಹೆಸರಿನ ಮೆಟ್ಟಿಲು. ಹಡಗಿನಲ್ಲಿ ನಾವು ಇದ್ಯಾವುದನ್ನೂ ಲಾಗ್‌ನಲ್ಲಿ ಬರೆಯುವುದಿಲ್ಲ. ನಾಟ್, ಎಷ್ಟು ನಿಮಿಷದ್ದು, ಯಾವ ಕೇಂದ್ರ, ಯಾವ ಹೊತ್ತಿನದು, ಇಷ್ಟೇ.

ನಾಡದೋಣಿ
ಹೊತ್ತಿನ ವಿಷಯ ಬಂತಲ್ಲ, ಒಂದು ಮಾತು. ಬುಲೆಟಿನ್‌ನಲ್ಲಿ 0300 ಯುಟಿಸಿ (ಜಾಗತಿಕ ಪ್ರಮಾಣ ಸಮಯ) ಅಂದರೆ ನಮ್ಮ ಬೆಳಿಗ್ಗೆ 8.30. ಐದೂವರೆ ಗಂಟೆ ಕೂಡಿಸಬೇಕು. ಅದು ತೂಫಾನು ಎಲ್ಲಿತ್ತು ಅನ್ನುವ ಹೊತ್ತು, ಬುಲೆಟಿನ್ ಹೊರಬಿದ್ದ ಹೊತ್ತಲ್ಲ. ನಿಮ್ಮ ಮೊಬೈಲಿಗೆ ಫಾರ್ವರ್ಡ್ ಆಗಿ ಬರುವಷ್ಟರಲ್ಲಿ ಅದು ಇನ್ನಷ್ಟು ಹಳೆಯದಾಗಿರುತ್ತದೆ. ಸ್ಕ್ರೀನ್‌ಶಾಟ್‌ನಲ್ಲಿ ತಾರೀಖು, ಯುಟಿಸಿ ಕಾಣಿಸದಿದ್ದರೆ ಅಳಿಸಿಬಿಡಿ.

ಬಾರೋಮೀಟರ್
‘ಹೈ’ ಮತ್ತು ‘ಮಾಡರೇಟ್’ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ಅದು ಗಾಳಿಗಿಂತ ದೊಡ್ಡ ಗೊಂದಲ.

ಎನ್‌ಎಚ್‌ಸಿ ದಿನಕ್ಕೆ ನಾಲ್ಕು ಸಲ ತೂಫಾನು ಹುಟ್ಟುವ ಸಾಧ್ಯತೆಗೆ ಎರಡು ಶೇಕಡಾ ಅಂಕಿ ಕೊಡುತ್ತದೆ, 2 ದಿನಕ್ಕೆ ಒಂದು, 7 ದಿನಕ್ಕೆ ಒಂದು. 7 ದಿನದ್ದು ಶುರುವಾದದ್ದು 2023ರಲ್ಲಿ, ಅದಕ್ಕೆ ಮೊದಲು 5 ದಿನ ಇತ್ತು. 40ಕ್ಕಿಂತ ಕಡಿಮೆ ಹಳದಿ, 40ರಿಂದ 60 ಕಿತ್ತಳೆ, 60 ದಾಟಿದರೆ ಕೆಂಪು. ನಕ್ಷೆಯಲ್ಲಿ ಬಣ್ಣ ಬಳಿದ ಜಾಗ ಇದೆಯಲ್ಲ, ಅದು ತೂಫಾನು ಹುಟ್ಟಬಹುದಾದ ಜಾಗ ಮಾತ್ರ. ಬಿರುಗಾಳಿ ಬೀಸುವ ಜಾಗ ಅಂತ ಓದಬೇಡಿ.

ಐಎಂಡಿ ದಿನವೂ ಕೊಡುವ ಟ್ರಾಪಿಕಲ್ ವೆದರ್ ಔಟ್‌ಲುಕ್‌ನಲ್ಲಿ ಶೇಕಡಾ ಅಂಕಿ ಇಲ್ಲ, ಪದ ಇದೆ: ನಿಲ್, ಲೋ, ಮಾಡರೇಟ್, ಹೈ. ಲೋ ಅಂದರೆ 1ರಿಂದ 33, ಮಾಡರೇಟ್ 34ರಿಂದ 67, ಹೈ 68ರಿಂದ ಮೇಲೆ. 24 ಗಂಟೆಗೊಂದು ಮನೆಯಂತೆ 168 ಗಂಟೆಯವರೆಗೆ, ಕೊಲ್ಲಿಗೆ ಬೇರೆ, ಅರಬ್ಬಿಗೆ ಬೇರೆ. ಮುಖ್ಯ ಸಂಗತಿ ಏನೆಂದರೆ ಆ ಸಾಧ್ಯತೆ ಡಿಪ್ರೆಶನ್ ಹುಟ್ಟುವುದಕ್ಕೆ. ಚಂಡಮಾರುತವಾಗುವುದಕ್ಕೆ ಅಲ್ಲ.

ಜೆಟಿಡಬ್ಲ್ಯುಸಿಯ ಲೋ, ಮೀಡಿಯಂ, ಹೈ ಮೂರನೇ ಬಗೆ. ಅದು ಮುಂದಿನ 24 ಗಂಟೆಯ ಮೇಲೆ ನಿಂತದ್ದು. ಅವರು ‘ಹೈ’ ಅಂದರೆ ಒಂದು ದಿನದೊಳಗೆ ರೂಪುಗೊಳ್ಳುವ ನಿರೀಕ್ಷೆ. ಹೀಗಾಗಿ ಅವರ ‘ಲೋ’ ಮತ್ತು ಐಎಂಡಿಯ ನಾಲ್ಕನೇ ಮನೆಯ ‘ಹೈ’ ಒಟ್ಟಿಗೆ ಇರಬಹುದು, ಇಬ್ಬರೂ ಸರಿ ಇರಬಹುದು. 93ಎ, 91ಬಿ ಅಂತ ಕಾಣುವುದು ಅವರ ನಿಗಾ ಸಂಖ್ಯೆ. 90ರಿಂದ 99ರವರೆಗೆ ತಿರುಗುತ್ತಲೇ ಇರುತ್ತದೆ. ಎ ಅಂದರೆ ಅರಬ್ಬಿ, ಬಿ ಕೊಲ್ಲಿ, ಎಲ್ ಅಟ್ಲಾಂಟಿಕ್, ಡಬ್ಲ್ಯು ಪಶ್ಚಿಮ ಪೆಸಿಫಿಕ್. 93 ಅಂದಾಕ್ಷಣ 93ನೇ ತೂಫಾನು ಅಂತ ಹೆದರಬೇಡಿ.

ಗಂಗೊಳ್ಳಿ_ಅಳಿವೆ
ಇದೆಲ್ಲ ಸರಿ ಮಾರಾಯ್ರೇ. ಆದರೆ ನಮ್ಮ ಬೋಟು ಮಗುಚುವುದು 90 ನಾಟ್ ಗಾಳಿಗಲ್ಲ, ಆ ಗಾಳಿಗೆ ಯಾವನೂ ಹೊರಗಿರುವುದಿಲ್ಲ. ಮಗುಚುವುದು ಅಳಿವೆಯಲ್ಲಿ (ಹೊಳೆ ಕಡಲು ಸೇರುವ ಬಾಯಿ), ಆಕಾಶ ತಿಳಿಯಾಗಿರುವಾಗ. ಅದಕ್ಕೆ ಐಎಂಡಿಗಿಂತ ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಇನ್‌ಕಾಯ್ಸ್ ಕೊಡುವ ಅಲೆಯ ಮುನ್ಸೂಚನೆ ಬೇಕು. ಅದರಲ್ಲೂ ಎತ್ತರ ಮಾತ್ರ ನೋಡಿ ಬಿಟ್ಟುಬಿಡುತ್ತಾರೆ. ನೋಡಬೇಕಾದದ್ದು ಸೆಕೆಂಡು.

ಎತ್ತರ ಅಂತ ಕೊಡುವುದು ‘ಸಿಗ್ನಿಫಿಕೆಂಟ್’ ಎತ್ತರ, ಅಂದರೆ ದೊಡ್ಡ ಮೂರನೇ ಒಂದು ಭಾಗ ಅಲೆಗಳ ಸರಾಸರಿ. 2 ಮೀಟರ್ ಅಂತ ಬರೆದಿದ್ದರೆ ದಿನದಲ್ಲಿ ಕೆಲವು ಅಲೆ 3.5 ಮೀಟರ್ ದಾಟುತ್ತವೆ. ಎರಡು ಪಟ್ಟಿನ ಹತ್ತಿರ ಒಂದು ಬಂದರೂ ಅಚ್ಚರಿ ಇಲ್ಲ.

ಈಗ ಸೆಕೆಂಡು. ಒಂದು ತುದಿಯಿಂದ ಮುಂದಿನ ತುದಿ ಬರಲು ಹಿಡಿಯುವ ಸಮಯ. ಆ ಸಂಖ್ಯೆಯನ್ನು ಅದರಿಂದಲೇ ಗುಣಿಸಿ, ಮತ್ತೆ 1.56ರಿಂದ ಗುಣಿಸಿದರೆ ಆಳದ ನೀರಿನಲ್ಲಿ ಅಲೆಯ ಉದ್ದ ಮೀಟರಿನಲ್ಲಿ ಸಿಗುತ್ತದೆ. 8 ಸೆಕೆಂಡಿನ ಅಲೆ ಸುಮಾರು 100 ಮೀಟರ್ ಉದ್ದ. 18 ಸೆಕೆಂಡಿನದು 500 ಮೀಟರ್. ಉದ್ದದ ಅರ್ಧದಷ್ಟು ಆಳಕ್ಕೆ ಬಂದಾಗ ಅಲೆಗೆ ತಳ ತಾಗಲು ಶುರು. 8 ಸೆಕೆಂಡಿನದಕ್ಕೆ 50 ಮೀಟರ್ ಆಳದಲ್ಲಿ, 18 ಸೆಕೆಂಡಿನದಕ್ಕೆ 250 ಮೀಟರಿನಲ್ಲೇ. ಹೊರಗೆ ಆಳದಲ್ಲಿ ಈ ಉದ್ದ ಸ್ವೆಲ್ (ದೂರದ ಗಾಳಿಗೆ ಎದ್ದು ಬರುವ ಅಲೆ) ಗೊತ್ತೇ ಆಗುವುದಿಲ್ಲ. ಬೋಟು ನಿಧಾನ ಏರಿ ನಿಧಾನ ಇಳಿಯುತ್ತದೆ, ತಾಂಡೇಲ (ಬೋಟು ನಡೆಸುವವ) ಚಾ ಕುಡಿಯುತ್ತಾ ಕೂತಿರಬಹುದು. ಅಳಿವೆಯ 4 ಮೀಟರ್ ನೀರಿಗೆ ಬಂದಾಗ ಅದೇ ಅಲೆ ಸುಮಾರು ಒಂದೂವರೆ ಪಟ್ಟು ಎದ್ದು ನಿಲ್ಲುತ್ತದೆ. ಹೊರಗೆ 1.5 ಮೀಟರ್ ಇದ್ದದ್ದು ಬಾಯಲ್ಲಿ 2.2. ಎಂಟು ಸೆಕೆಂಡಿನ ಅಲೆ ಅಷ್ಟು ಬೆಳೆಯುವುದೇ ಇಲ್ಲ.

ಅಲೆಯ ಎತ್ತರ ನೀರಿನ ಆಳದ ಮುಕ್ಕಾಲರಷ್ಟಾದರೆ ಒಡೆಯುತ್ತದೆ. 2.2 ಮೀಟರಿನದು 3 ಮೀಟರ್ ಆಳದಲ್ಲಿ ಒಡೆಯಿತು ಅಂತಲೇ ಲೆಕ್ಕ. ಮರಳು ದಿಬ್ಬ ಇರುವ ಅಳಿವೆಯಲ್ಲಿ ಇಳಿತದ ಹೊತ್ತಿಗೆ 3 ಮೀಟರ್ ಸಿಗುವುದು ಅಪರೂಪವೇನಲ್ಲ. ಅದರ ಮೇಲೆ ಇಳಿತದ ನೀರು ಹೊಳೆಯ ನೀರಿನ ಜೊತೆ ಹೊರಗೆ ನುಗ್ಗುತ್ತಿರುತ್ತದೆ. ಎದುರು ಹರಿವು ಅಲೆಯನ್ನು ಒತ್ತಿ ಗಿಡ್ಡ ಮಾಡುತ್ತದೆ, ಕಡಿದಾಗಿಸುತ್ತದೆ. ಹಾಗಾಗಿ ಒಳಬರುವುದು ಉಬ್ಬರದ ಕೊನೆಯ ಎರಡು ಗಂಟೆಯಲ್ಲಿ. ಅದು ತಪ್ಪಿದರೆ ಹೊರಗೆ 15–20 ಮೀಟರ್ ನೀರಿನಲ್ಲಿ ಲಂಗರು ಹಾಕಿ ಮುಂದಿನ ಉಬ್ಬರಕ್ಕೆ ಕಾಯುವುದು. ಐಸ್ ಕರಗುತ್ತದೆ, ಮೀನು ರೇಟು ಇಳಿಯುತ್ತದೆ, ಬೈಗುಳ ಬರುತ್ತದೆ. ಆದರೂ ಕಾಯುವುದೇ ಸರಿ.

ಬಾರೋಮೀಟರ್
ಒಳ್ಳೆಯ ಬರಹ. ಆ 18 ಸೆಕೆಂಡಿನ ಅಲೆ ಎಲ್ಲಿಂದ ಬರುತ್ತದೆ ಅನ್ನುವುದನ್ನು ಸೇರಿಸುತ್ತೇನೆ, ಬೇರೆ ಸಾಗರ ನಮಗ್ಯಾಕೆ ಅನ್ನುವವರಿಗೆ ಉತ್ತರ ಅದರಲ್ಲೇ ಇದೆ. ಏಪ್ರಿಲ್–ಮೇ ತಿಂಗಳಲ್ಲಿ ದಕ್ಷಿಣ ಹಿಂದೂ ಮಹಾಸಾಗರದಲ್ಲಿ, 30–40 ಡಿಗ್ರಿ ದಕ್ಷಿಣ ಅಕ್ಷಾಂಶಕ್ಕೂ ಆಚೆ, ದೊಡ್ಡ ಬಿರುಗಾಳಿಗಳು ಎದ್ದಿರುತ್ತವೆ. ಅಲ್ಲಿ ಹುಟ್ಟಿದ ಸ್ವೆಲ್ ನೇರ ಉತ್ತರಕ್ಕೆ ಬರುತ್ತದೆ. ಕೇರಳದವರು ಕಳ್ಳಕ್ಕಡಲ್ ಅನ್ನುವುದು ಇದಕ್ಕೇ. ಸ್ವೆಲ್‌ನ ಗುಂಪು ಸಾಗುವ ವೇಗ ಬೇಕಿದ್ದರೆ ಸೆಕೆಂಡನ್ನು ಒಂದೂವರೆಯಿಂದ ಗುಣಿಸಿ, ನಾಟ್‌ನಲ್ಲಿ ಬರುತ್ತದೆ. 18 ಸೆಕೆಂಡಿಗೆ 27 ನಾಟ್, ಗಂಟೆಗೆ 50 ಕಿ.ಮೀ. 40 ಡಿಗ್ರಿ ದಕ್ಷಿಣದಿಂದ ಉಡುಪಿ ತೀರಕ್ಕೆ ಸುಮಾರು 5,900 ಕಿ.ಮೀ. ಐದು ದಿನಕ್ಕೆ ಸ್ವಲ್ಪ ಕಡಿಮೆ. 14 ಸೆಕೆಂಡಿನ ಅಲೆಗೆ ಅದೇ ದಾರಿ ಆರು ದಿನಕ್ಕೂ ಹೆಚ್ಚು. ಹಾಗಾಗಿ ಉದ್ದ ಅಲೆ ಮೊದಲು ಬರುತ್ತದೆ, ಎತ್ತರ ಕಡಿಮೆ ಇರುತ್ತದೆ, ಆಮೇಲೆ ದಿನದಿಂದ ದಿನಕ್ಕೆ ಸೆಕೆಂಡು ಇಳಿಯುತ್ತಾ ಎತ್ತರ ಏರುತ್ತದೆ. ಇನ್‌ಕಾಯ್ಸ್ ಕೋಷ್ಟಕದಲ್ಲಿ 0.4 ಮೀಟರ್, 20 ಸೆಕೆಂಡು ಅಂತ ಕಂಡರೆ ‘ಏನೂ ಇಲ್ಲ’ ಅಂದುಕೊಳ್ಳಬಾರದು. ಮರುದಿನದ ಸಾಲನ್ನೂ ನೋಡಬೇಕು.

ನಮ್ಮದೇ ಕಡಲಿನ ತೂಫಾನೂ ಹೀಗೇ. ಕ್ಯಾರ್ ಒಮಾನ್ ಕಡೆ ತಿರುಗಿ ದೂರ ಹೋದರೂ ಅದರ ಸ್ವೆಲ್ ಪಶ್ಚಿಮ ಕರಾವಳಿಗೆ ಬಡಿಯಿತು. ‘ತೂಫಾನು ನಮ್ಮಿಂದ ದೂರ ಸರಿದಿದೆ’ ಅನ್ನುವ ಸುದ್ದಿ ಗಾಳಿಗೆ ಮಾತ್ರ ಅನ್ವಯ.

ಕರಾವಳಿ_ಹುಡುಗ
ಇಷ್ಟೆಲ್ಲ ಯಾಕೆ? ವಿಂಡಿ ಆ್ಯಪ್ ತೆಗೆದರೆ ಗಾಳಿ, ಅಲೆ, ಸ್ವೆಲ್, ಸೆಕೆಂಡು ಎಲ್ಲ ಇದೆ. ಯುರೋಪಿನ ಮಾಡೆಲ್ (ಕಂಪ್ಯೂಟರ್ ಮುನ್ಸೂಚನೆ) ಐಎಂಡಿಗಿಂತ ಮೇಲು ಅಂತ ಎಲ್ಲರೂ ಹೇಳುತ್ತಾರೆ.

ಉಪಗ್ರಹನೋಟ
ಐಎಂಡಿಯವರೂ ಯುರೋಪಿನ ಮಾಡೆಲ್ ನೋಡುತ್ತಾರೆ, ಅಮೆರಿಕದ ಜಿಎಫ್‌ಎಸ್ ನೋಡುತ್ತಾರೆ, ತಮ್ಮದನ್ನೂ ನೋಡುತ್ತಾರೆ. ಅಷ್ಟನ್ನೂ ತೂಗಿ ಒಂದು ದಾರಿ ಕೊಡುತ್ತಾರೆ. ನೀವು ಆ್ಯಪ್‌ನಲ್ಲಿ ನೋಡುತ್ತಿರುವುದು ಅವುಗಳಲ್ಲಿ ಒಂದೇ ಒಂದರ ಒಂದೇ ಓಟ, ಅಂದರೆ ಒಂದು ಸಲದ ಲೆಕ್ಕ. ಆ್ಯಪ್ ಬಳಸಬೇಡಿ ಅನ್ನುತ್ತಿಲ್ಲ, ಬಳಸುವಾಗ ನೋಡಬೇಕಾದದ್ದು ಇಷ್ಟು. ಮಾಡೆಲ್ ಯಾವಾಗ ಓಡಿದ್ದು ಅಂತ ಕೆಳಗೆ ಬರೆದಿರುತ್ತದೆ, ಸಾಮಾನ್ಯವಾಗಿ ಕೆಲವು ಗಂಟೆ ಹಳತು. ಇಸಿಎಂಡಬ್ಲ್ಯುಎಫ್ (ಯುರೋಪಿನದು) ಮತ್ತು ಜಿಎಫ್‌ಎಸ್ ಎರಡನ್ನೂ ಬದಲಿಸಿ ನೋಡಿ. ಎರಡರ ನಡುವೆ ತೂಫಾನಿನ ಜಾಗ 200 ಕಿ.ಮೀ. ದೂರವಿದ್ದರೆ ಯಾವುದೂ ಖಚಿತವಲ್ಲ ಅಂತ ತಿಳಿಯಿರಿ. ನಿನ್ನೆಯ ಓಟದ ಜೊತೆ ಇವತ್ತಿನದನ್ನು ಹೋಲಿಸಿ. ದಾರಿ ದಿನದಿನವೂ ಒಂದೇ ಕಡೆಗೆ ಜಾರುತ್ತಿದ್ದರೆ ಇನ್ನೂ ಜಾರುತ್ತದೆ ಅಂತ ಎಣಿಸುವುದು ಜಾಣತನ. ಮತ್ತೆ, ಜಾಗತಿಕ ಮಾಡೆಲ್‌ಗಳಿಗೆ ಸಣ್ಣ, ಬಿಗಿಯಾದ ತೂಫಾನು ಸರಿಯಾಗಿ ಕಾಣುವುದಿಲ್ಲ. ಗಾಳಿಯನ್ನು ಕಡಿಮೆ ತೋರಿಸುತ್ತವೆ.

ಮೆಕ್ಸಿಕೋದ ಓಟಿಸ್ ಗೊತ್ತಿದೆಯಲ್ಲ, 2023ರ ಅಕ್ಟೋಬರ್. ಒಂದು ದಿನದ ಹಿಂದೆ ಸಾಮಾನ್ಯ ಟ್ರಾಪಿಕಲ್ ಸ್ಟಾರ್ಮ್ ಆಗಿದ್ದದ್ದು ಅಕಾಪುಲ್ಕೊಗೆ ಬಡಿಯುವಾಗ ಕ್ಯಾಟಗರಿ 5. ಯಾವ ದೊಡ್ಡ ಮಾಡೆಲ್ಲೂ ಅಷ್ಟು ಹೇಳಿರಲಿಲ್ಲ. 24 ಗಂಟೆಯಲ್ಲಿ 30 ನಾಟ್ ಏರಿದರೆ ಅದಕ್ಕೆ ‘ರ‍್ಯಾಪಿಡ್ ಇಂಟೆನ್ಸಿಫಿಕೇಶನ್’ ಅಂತ ಹೆಸರು, ಓಟಿಸ್ ಅದರ ಮೂರು ಪಟ್ಟಿಗೂ ಹೆಚ್ಚು ಏರಿತು. ದಾರಿಯ ಮುನ್ಸೂಚನೆ ವರ್ಷದಿಂದ ವರ್ಷಕ್ಕೆ ಸುಧಾರಿಸಿದೆ, ತೀವ್ರತೆಯದ್ದು ಅಷ್ಟು ಸುಧಾರಿಸಿಲ್ಲ. ಇದು ಎಲ್ಲ ಸಾಗರಗಳಿಗೂ ಸಲ್ಲುವ ಮಾತು.

ಮೂರನೇ_ಮೇಟ್
ಕೋನ್ ಬಗ್ಗೆಯೂ ಹೇಳಿಬಿಡುತ್ತೇನೆ. ನಕ್ಷೆಯಲ್ಲಿ ಮುಂದೆ ಹೋದಂತೆ ಅಗಲವಾಗುವ ಆ ಆಕಾರ ತೂಫಾನಿನ ಅಗಲ ಅಲ್ಲ. ಹಿಂದಿನ ಐದು ವರ್ಷ ಮುನ್ಸೂಚನೆ ಎಷ್ಟು ತಪ್ಪಿತ್ತು ಅನ್ನುವುದರಿಂದ ಬಿಡಿಸಿದ್ದು. ಎನ್‌ಎಚ್‌ಸಿ ಕೋನ್‌ನಲ್ಲಿ ಕೇಂದ್ರಬಿಂದು ಒಳಗೇ ಉಳಿಯುವ ಸಾಧ್ಯತೆ ಮೂರರಲ್ಲಿ ಎರಡು. ಅಂದರೆ ಮೂರರಲ್ಲಿ ಒಂದು ಸಲ ಕೇಂದ್ರವೇ ಹೊರಗೆ ಹೋಗುತ್ತದೆ, ಗಾಳಿಯಂತೂ ಯಾವಾಗಲೂ ಹೊರಗೆ ಇರುತ್ತದೆ.

ಗಾಳಿ ಎಲ್ಲಿಯವರೆಗೆ ಅನ್ನುವುದಕ್ಕೆ ಬುಲೆಟಿನ್‌ನ ಕೊನೆಯಲ್ಲಿ ಕೋಷ್ಟಕ ಇರುತ್ತದೆ. ಐಎಂಡಿ 28, 34, 50, 64 ನಾಟ್ ಗಾಳಿ ಈಶಾನ್ಯ, ಆಗ್ನೇಯ, ನೈಋತ್ಯ, ವಾಯವ್ಯ ಕಾಲುಭಾಗಗಳಲ್ಲಿ ಎಷ್ಟು ದೂರ ಅಂತ ಕೊಡುತ್ತದೆ. ಹಡಗಿನವರ ಹಳೆಯ ನಿಯಮ 1-2-3. ಮುನ್ಸೂಚನೆಯ 24ನೇ ಗಂಟೆಯ ಜಾಗಕ್ಕೆ 34 ನಾಟ್ ತ್ರಿಜ್ಯದ ಜೊತೆ 100 ನಾಟಿಕಲ್ ಮೈಲು, 48ಕ್ಕೆ 200, 72ಕ್ಕೆ 300 ಕೂಡಿಸಿ ವೃತ್ತ ಎಳೆಯುವುದು, ಅದರೊಳಗೆ ಹೋಗದಿರುವುದು. 34 ನಾಟ್ ತ್ರಿಜ್ಯ 90 ಮೈಲು ಇದ್ದರೆ 24 ಗಂಟೆಗೆ 190. ಈಗಿನ ಸರಾಸರಿ ದೋಷ 100 ಮೈಲಿಗಿಂತ ಎಷ್ಟೋ ಕಡಿಮೆ, ಆದರೂ ಈ ನಿಯಮ ಬಿಟ್ಟಿಲ್ಲ. ತಪ್ಪುವುದು ಸರಾಸರಿ ದಿನವಲ್ಲ ನೋಡಿ.

ಗಂಗೊಳ್ಳಿ_ಅಳಿವೆ
15 ನಾಟ್ ಓಡುವ ಹಡಗಿಗೆ ಅದು ನಡೆಯುತ್ತದೆ. ಟ್ರಾಲ್ ಬೋಟಿನ ಲೆಕ್ಕ ಹಿಂದಿನಿಂದ ಶುರುಮಾಡಬೇಕು. ಬೋಟು ತೀರದಿಂದ 60 ನಾಟಿಕಲ್ ಮೈಲು ಹೊರಗಿದೆ ಅಂದುಕೊಳ್ಳಿ. ಸಮಾಧಾನದ ಕಡಲಿನಲ್ಲಿ 7 ನಾಟ್, ಎಂಟೂವರೆ ಗಂಟೆ. ಕಡಲು ಎದ್ದ ಮೇಲೆ 4.5 ಸಿಕ್ಕರೆ ಪುಣ್ಯ, 13 ಗಂಟೆಗೂ ಹೆಚ್ಚು. ಬಲೆ ಎಳೆದು, ಡೆಕ್ ಮೇಲಿನದನ್ನು ಕಟ್ಟಿ, ಹೋಲ್ಡಿನ ಮುಚ್ಚಳ ಬಿಗಿಯಲು ಎರಡು ಗಂಟೆ ಇಡಿ. ಅಳಿವೆ ದಾಟಲು ಉಬ್ಬರ ಬೇಕು, ಅದಕ್ಕೆ ಆರು ಗಂಟೆಯವರೆಗೆ ಕಾಯಬೇಕಾಗಬಹುದು. ಒಟ್ಟು 21. ಅಂದರೆ 24 ಗಂಟೆ ಮೊದಲು ಬರುವ ‘ಸೈಕ್ಲೋನ್ ವಾರ್ನಿಂಗ್’ಗೆ ಕಾದು ಕೂತರೆ ಕೈಯಲ್ಲಿ ಮೂರೇ ಗಂಟೆ. 48 ಗಂಟೆ ಮೊದಲು ಬರುವ ‘ಅಲರ್ಟ್’ಗೇ ಬೋಟು ತಿರುಗಬೇಕು. ಅದಕ್ಕೂ ಮುಂಚೆ, 72 ಗಂಟೆಗೆ ‘ಪ್ರಿ-ಸೈಕ್ಲೋನ್ ವಾಚ್’ ಬರುತ್ತದೆ, ಆಗಿನಿಂದ ದಕ್ಷಿಣಕ್ಕೋ ಉತ್ತರಕ್ಕೋ ದೂರದ ಟ್ರಿಪ್ ಮುಂದುವರಿಸಬಾರದು.

ಇನ್ನೊಂದು: ನಮ್ಮ ಕಡೆಯ ಬೋಟುಗಳು ರತ್ನಾಗಿರಿವರೆಗೂ ಹೋಗುತ್ತವೆ. ತೂಫಾನಿನ ಸುದ್ದಿ ಬಂದಾಗ ‘ಊರಿಗೆ’ ಅಂತ ದಕ್ಷಿಣಕ್ಕೆ ಓಡುವುದು ತಪ್ಪು, ತೂಫಾನಿಗೆ ಬೆನ್ನು ಹಾಕಿ ಉತ್ತರಕ್ಕೆ ಓಡುವುದೂ ತಪ್ಪು. 2021ರ ಮೇ ತಿಂಗಳಿನ ತೌಕ್ತೆ ನಮ್ಮ ಕರಾವಳಿಗೆ ಸಮಾನಾಂತರವಾಗಿಯೇ ಉತ್ತರಕ್ಕೆ ಹೋಗಿ 17ರ ರಾತ್ರಿ ಗುಜರಾತ್ ತೀರಕ್ಕೆ ಬಡಿಯಿತು. ಅಂಥ ತೂಫಾನಿನ ಮುಂದೆ ಉತ್ತರಕ್ಕೆ ಓಡಿದರೆ ಅದರ ದಾರಿಯಲ್ಲೇ ಓಡಿದಂತೆ. ಹತ್ತಿರದ ಯಾವ ಬಂದರು ಪೂರ್ವಕ್ಕಿದೆಯೋ ಅಲ್ಲಿಗೆ ಹೋಗಬೇಕು, ಗೋವಾ ಆಗಲಿ, ಕಾರವಾರ ಆಗಲಿ.

ಮೂರನೇ_ಮೇಟ್
ಸರಿಯಾಗಿ ಹೇಳಿದಿರಿ. ಕಾರಣವನ್ನೂ ಬರೆಯುತ್ತೇನೆ. ಉತ್ತರ ಗೋಳದಲ್ಲಿ ತೂಫಾನು ಅಪ್ರದಕ್ಷಿಣವಾಗಿ ಸುತ್ತುತ್ತದೆ. ಅದು ಸಾಗುವ ದಿಕ್ಕಿಗೆ ಬಲಭಾಗದಲ್ಲಿ ಸುತ್ತುವ ಗಾಳಿಗೆ ಸಾಗುವ ವೇಗವೂ ಸೇರುತ್ತದೆ. ಅರಬ್ಬಿಯಲ್ಲಿ ಉತ್ತರಕ್ಕೆ ಸಾಗುವ ತೂಫಾನಿನ ಬಲಭಾಗ ಅಂದರೆ ನಮ್ಮ ಕರಾವಳಿ. ಗಾಳಿಗೆ ಬೆನ್ನು ಕೊಟ್ಟು ನಿಂತರೆ ಕೇಂದ್ರ ನಿಮ್ಮ ಎಡಗಡೆ, ಸ್ವಲ್ಪ ಮುಂದಕ್ಕೆ. ಸಮಭಾಜಕ ದಾಟಿ ಮಾರಿಷಸ್ ಕಡೆ ಹೋದರೆ ಎಲ್ಲವೂ ತಿರುಗುಮುರುಗು: ಪ್ರದಕ್ಷಿಣ ಸುತ್ತು, ಎಡಭಾಗ ಅಪಾಯ. 2023ರ ಫ್ರೆಡ್ಡಿ ಆಸ್ಟ್ರೇಲಿಯಾ ಬಳಿ ಹುಟ್ಟಿ ಇಡೀ ದಕ್ಷಿಣ ಹಿಂದೂ ಮಹಾಸಾಗರ ದಾಟಿ ಮೊಜಾಂಬಿಕ್‌ಗೆ ಬಂತು, ಅತಿ ದೀರ್ಘ ಬಾಳಿದ್ದು ಅಂತ ವಿಶ್ವ ಹವಾಮಾನ ಸಂಸ್ಥೆ ದಾಖಲಿಸಿದೆ, 36 ದಿನ. ಅದರ ದಾರಿಯಲ್ಲಿದ್ದ ಹಡಗು ಎರಡು ಕೇಂದ್ರಗಳ ಎರಡು ಬಗೆಯ ವರ್ಗೀಕರಣವನ್ನು ಒಂದರ ಹಿಂದೊಂದು ಓದಬೇಕಾಯಿತು.

ಸಲಾಲಾ_ಕನ್ನಡಿಗ
ಒಮಾನಿನ ಕಡೆಯಿಂದ ಸ್ವಲ್ಪ. ಇಲ್ಲಿಗೆ ಬರುವುದು ಹೆಚ್ಚಾಗಿ ಮೇ–ಜೂನ್ ಮತ್ತು ಅಕ್ಟೋಬರ್–ನವೆಂಬರ್. 2018ರ ಮೇನಲ್ಲಿ ಮೆಕುನು ಸಲಾಲಾ ಹತ್ತಿರವೇ ಬಂತು. 2021ರ ಅಕ್ಟೋಬರ್‌ನ ಶಾಹೀನ್ ಒಮಾನಿನ ಉತ್ತರ ತೀರಕ್ಕೆ. ಶಾಹೀನ್ ಹುಟ್ಟಿದ್ದು ಬಂಗಾಳ ಕೊಲ್ಲಿಯ ಗುಲಾಬ್‌ನ ಅವಶೇಷದಿಂದ. ಅದು ಭಾರತವನ್ನು ಅಡ್ಡ ದಾಟಿ ಈ ಕಡೆ ಮತ್ತೆ ಎದ್ದಿತು. ಹಾಗಾಗಿ ಆಂಧ್ರಕ್ಕೆ ತೂಫಾನು ಬಡಿದು ‘ದುರ್ಬಲಗೊಂಡಿತು’ ಅಂತ ಸುದ್ದಿ ಬಂದಾಗ ಅರಬ್ಬಿಯವರು ಐಎಂಡಿ ಔಟ್‌ಲುಕ್‌ನ ಎರಡನೇ ಕೋಷ್ಟಕ (ಅರಬ್ಬಿಯದು) ನೋಡಬೇಕು.

ಜುಲೈ, ಆಗಸ್ಟ್‌ನಲ್ಲಿ ಯಾಕೆ ಬರುವುದಿಲ್ಲ ಅಂತ ಇಲ್ಲಿನವರು ಕೇಳುತ್ತಾರೆ, ಸಮುದ್ರ ಬೆಚ್ಚಗೇ ಇದೆಯಲ್ಲ ಅಂತ. ನಿಮ್ಮಲ್ಲಿ ಯಾರಾದರೂ ಬರೆದರೆ ಒಳ್ಳೆಯದು.

ಬಾರೋಮೀಟರ್
26.5 ಡಿಗ್ರಿ ನೀರು ಒಂದೇ ಸಾಲದು. ಮುಂಗಾರಿನಲ್ಲಿ ಕೆಳಗೆ ಪಶ್ಚಿಮದ ಗಾಳಿ ಜೋರು, ಮೇಲೆ 14–15 ಕಿ.ಮೀ. ಎತ್ತರದಲ್ಲಿ ಪೂರ್ವದ ಗಾಳಿ ಜೋರು. ಕೆಳಗಿನದು ಒಂದು ಕಡೆಗೆ, ಮೇಲಿನದು ಇನ್ನೊಂದು ಕಡೆಗೆ ಎಳೆದರೆ ತೂಫಾನಿನ ಕಂಬ ನೆಟ್ಟಗೆ ನಿಲ್ಲುವುದಿಲ್ಲ. ಇದಕ್ಕೆ ವಿಂಡ್ ಶಿಯರ್ ಅನ್ನುತ್ತಾರೆ. ಅಟ್ಲಾಂಟಿಕ್‌ನಲ್ಲಿ ಆಗಸ್ಟ್–ಸೆಪ್ಟೆಂಬರ್ ಉತ್ತುಂಗ, ನಮ್ಮಲ್ಲಿ ಅದೇ ತಿಂಗಳು ಬಿಡುವು. 2024ರ ಆಗಸ್ಟ್ ಕೊನೆಯಲ್ಲಿ ಅಸ್ನಾ ಬಂದದ್ದು ಇದಕ್ಕೆ ಅಪವಾದ. ಸೌರಾಷ್ಟ್ರ–ಕಚ್ಛದ ನೆಲದ ಮೇಲಿದ್ದ ಡೀಪ್ ಡಿಪ್ರೆಶನ್ ಕಡಲಿಗೆ ಇಳಿದು ಚಂಡಮಾರುತವಾಯಿತು. ಅರಬ್ಬಿಯಲ್ಲಿ ಆಗಸ್ಟ್ ತಿಂಗಳಿನ ಚಂಡಮಾರುತ ಅದಕ್ಕೆ ಮೊದಲು ಕಂಡದ್ದು 1976ರಲ್ಲಿ.

ಚಂಡಮಾರುತ ಇಲ್ಲ ಅಂದ ಮಾತ್ರಕ್ಕೆ ಕಡಲು ಸುಮ್ಮನಿಲ್ಲ. ‘45ರಿಂದ 55 ಕಿ.ಮೀ. ವೇಗದ ಗಾಳಿ, 65ರವರೆಗೆ’ ಅನ್ನುವ ಮೀನುಗಾರರ ಎಚ್ಚರಿಕೆ ಮುಂಗಾರಿನಲ್ಲಿ ವಾರಗಟ್ಟಲೆ ಇರುತ್ತದೆ. ಅಂದರೆ ನಾಟ್‌ನಲ್ಲಿ 24ರಿಂದ 30, ಬೀಸು (ಒಮ್ಮೊಮ್ಮೆ ಬರುವ ಜೋರು ಹೊಡೆತ) 35. ಸರಾಸರಿ ಡೀಪ್ ಡಿಪ್ರೆಶನ್ ಮಟ್ಟಕ್ಕೆ ತಲುಪಿದೆ, ಬೀಸು ಚಂಡಮಾರುತದ ಮಟ್ಟಕ್ಕೆ. ಆಗಸ್ಟ್ 1ಕ್ಕೆ ಯಾಂತ್ರೀಕೃತ ಬೋಟುಗಳ ನಿಷೇಧ ಮುಗಿಯುತ್ತದೆ, ಈ ಎಚ್ಚರಿಕೆ ಮುಗಿಯಬೇಕೆಂದಿಲ್ಲ. ‘ರಫ್ ಸೀ’ ಅಂತ ಬರೆದಿದ್ದರೆ ಅಲೆ 2.5ರಿಂದ 4 ಮೀಟರ್, ‘ವೆರಿ ರಫ್’ ಅಂದರೆ 4ರಿಂದ 6. ಅದು ಸುಮ್ಮನೆ ಹಾಕಿದ ವಿಶೇಷಣ ಅಲ್ಲ, ಅಳತೆ.

ನಾಡದೋಣಿ
ಬಂದರಿನಲ್ಲಿ ಏರಿಸುವ ಸಿಗ್ನಲ್ ನಂಬರ್ 3 ಅಂದರೆ ‘ಸಣ್ಣದು’, 8 ಅಂದರೆ ‘ದೊಡ್ಡದು’ ಅಂತ ತಿಳಿದವರೇ ಹೆಚ್ಚು.

ಮೂರನೇ_ಮೇಟ್
ಅರ್ಧ ಸತ್ಯ. 1, 2 ದೂರದ ಸೂಚನೆ: ಹೊರಗೆ ದೂರದಲ್ಲಿ ಏನೋ ಇದೆ, ಹೊರಡುವ ಹಡಗಿಗೆ ತಿಳಿದಿರಲಿ. 3, 4 ಈ ಬಂದರಿಗೇ ಕೆಟ್ಟ ಹವೆ ಬರಬಹುದು. 5, 6, 7 ಅಪಾಯ. 8, 9, 10 ಮಹಾ ಅಪಾಯ. ಆದರೆ 5, 6, 7ರ ನಡುವಿನ ವ್ಯತ್ಯಾಸ ತೀವ್ರತೆಯದ್ದಲ್ಲ, ದಾರಿಯದ್ದು: 5 ಅಂದರೆ ತೂಫಾನು ಬಂದರನ್ನು ತನ್ನ ಎಡಕ್ಕೆ ಬಿಟ್ಟು ಹೋಗುತ್ತದೆ, 6 ಅಂದರೆ ಬಲಕ್ಕೆ, 7 ಅಂದರೆ ಬಂದರಿನ ಮೇಲೋ ತೀರಾ ಹತ್ತಿರವೋ. 8, 9, 10 ಕೂಡ ಹಾಗೆಯೇ. ಬಲಭಾಗದ ಮಾತು ಮೇಲೆ ಬಂತಲ್ಲ, ಅದರ ಪ್ರಕಾರ 5ಕ್ಕಿಂತ 6 ಕೆಟ್ಟದು. 11 ಅಂದರೆ ಹವಾಮಾನ ಕಚೇರಿಯ ಸಂಪರ್ಕವೇ ಕಡಿದಿದೆ. ಹಾಂಗ್‌ಕಾಂಗ್‌ನಲ್ಲಿ ಸಂಖ್ಯೆಗಳ ಅರ್ಥ ಪೂರ್ತಿ ಬೇರೆ, ಅಲ್ಲಿನ 8ನ್ನು ಇಲ್ಲಿನ 8ಕ್ಕೆ ಹೋಲಿಸಬೇಡಿ.

ಪಡುಗಡಲು
ನೆಟ್‌ವರ್ಕ್ ಇಲ್ಲದ ಕಡೆ ಏನು ಮಾಡುವುದು?

ಬಾರೋಮೀಟರ್
ಓಖಿ ತೂಫಾನಿನ ನಂತರ, 2019ರಲ್ಲಿ, ಇನ್‌ಕಾಯ್ಸ್ ಜೆಮಿನಿ ಅನ್ನುವ ಪೆಟ್ಟಿಗೆ ತಂದಿತು. ಗಗನ್ ಉಪಗ್ರಹದಿಂದ ಸಂದೇಶ ಹಿಡಿದು ಬ್ಲೂಟೂತ್‌ನಲ್ಲಿ ಮೊಬೈಲಿಗೆ ಕೊಡುತ್ತದೆ. ಅದರಲ್ಲಿ ಬರುವುದು ಮಾತ್ರ, ನೀವು ಕಳಿಸಲಾಗುವುದಿಲ್ಲ. ಎರಡೂ ಕಡೆ ಸಂದೇಶ ಬೇಕಿದ್ದರೆ ಉಪಗ್ರಹ ಟ್ರಾನ್ಸ್‌ಪಾಂಡರ್ ಬೇಕು. ವಿಎಚ್‌ಎಫ್ ರೇಡಿಯೊದ ಚಾನೆಲ್ 16 ಯಾವಾಗಲೂ ತೆರೆದಿರಲಿ. ಫೋನ್ ಸಿಗುವ ದೂರದಲ್ಲಿದ್ದರೆ ಕೋಸ್ಟ್ ಗಾರ್ಡ್ 1554.

ಅಗ್ಗದ ಬಾರೋಮೀಟರ್ (ಗಾಳಿಯ ಒತ್ತಡ ಅಳೆಯುವ ಸಾಧನ) ಕೂಡ ಕೆಲಸಕ್ಕೆ ಬರುತ್ತದೆ, ಓದಲು ಗೊತ್ತಿದ್ದರೆ. ಉಷ್ಣವಲಯದಲ್ಲಿ ಒತ್ತಡ ದಿನಕ್ಕೆರಡು ಸಲ ತಾನಾಗಿಯೇ ಏರಿಳಿಯುತ್ತದೆ, 10 ಗಂಟೆಗಳ ಸುಮಾರಿಗೆ ಏರು, 4 ಗಂಟೆಗಳ ಸುಮಾರಿಗೆ ಇಳಿತ, ಹಗಲೂ ರಾತ್ರಿಯೂ. ಹಾಗಾಗಿ ಬೆಳಿಗ್ಗೆ 10ರದ್ದನ್ನು ಸಂಜೆ 4ರ ಜೊತೆ ಹೋಲಿಸಿ ಗಾಬರಿಯಾಗಬಾರದು. ನಿನ್ನೆಯ 10ರ ಜೊತೆ ಇವತ್ತಿನ 10 ಹೋಲಿಸಬೇಕು. ಆ ಕಾಲಕ್ಕೆ ಇರಬೇಕಾದದ್ದಕ್ಕಿಂತ 3 ಹೆಕ್ಟೊಪಾಸ್ಕಲ್ ಕಡಿಮೆ ಅಂದರೆ ಅನುಮಾನ, 5 ಕಡಿಮೆ ಅಂದರೆ ತೂಫಾನು ಹತ್ತಿರವೇ ಇದೆ.

ಕರಾವಳಿ_ಹುಡುಗ
ಕೊನೆಯದಾಗಿ ಒಂದು. ಆ್ಯಪ್‌ನಲ್ಲಿ ಗಾಳಿಯ ದಿಕ್ಕು 315 ಡಿಗ್ರಿ, ಪ್ರವಾಹದ್ದು (ಕಡಲಿನ ನೀರಿನ ಹರಿವು) 135 ಅಂತ ಬಂದರೆ ಎದುರುಬದುರು ಅಂತ ತಾನೆ?

ಮೂರನೇ_ಮೇಟ್
ಅಲ್ಲ. ಗಾಳಿಗೂ ಅಲೆಗೂ ಬರೆಯುವುದು ಎಲ್ಲಿಂದ ಬರುತ್ತದೆ ಅಂತ, ಪ್ರವಾಹಕ್ಕೆ ಬರೆಯುವುದು ಎಲ್ಲಿಗೆ ಹೋಗುತ್ತದೆ ಅಂತ. 315ರ ಗಾಳಿ ವಾಯವ್ಯದಿಂದ ಆಗ್ನೇಯಕ್ಕೆ ಬೀಸುತ್ತಿದೆ, 135ರ ಪ್ರವಾಹವೂ ಆಗ್ನೇಯಕ್ಕೇ ಹರಿಯುತ್ತಿದೆ. ಎರಡೂ ಒಂದೇ ಕಡೆಗೆ, ಅಲೆ ಅಷ್ಟು ಕಡಿದಾಗುವುದಿಲ್ಲ. ಎರಡರಲ್ಲೂ 315 ಅಂತ ಕಂಡ ದಿನ ಬಲೆ ಬಿಡುವ ಮುಂಚೆ ಇನ್ನೊಮ್ಮೆ ಯೋಚಿಸಿ.